ಅರ್ಧ ಗಂಟೆಗೊಮ್ಮೆ ತಿರುಗುವ ಚಕ್ರ

ನನ್ನ ಅತ್ತೆ ಜೋಳದ ರೊಟ್ಟಿ ಬಡಿಯುವ ಸದ್ದಿಗೆ ನಮ್ಮ ಕೆಳಗಿನ ಮನೆಯವರು ಏಳುತ್ತಿದ್ದರು. ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ ನಾನೂ ಆ ಸದ್ದಿಗೇ ಬೈದುಕೊಂಡು ಏಳುತ್ತಿದ್ದೆ. ಮೈಸೂರು ಕಡೆಯವಳಾದ ನನಗೆ ಅದು ಬೆಳಗಾಗೆದ್ದು ಯಾರೋ ಗೋಡೆಗೆ ಮೊಳೆ ಹೊಡೆದ ಹಾಗೆ ಕೇಳಿಸುತ್ತಿತ್ತು. ಕಳೆದ ಚಳಿಗಾಲದಲ್ಲಿ ಆ ಸದ್ದು ನಿಂತುಹೋಯಿತು. ಆಮೇಲೆ ಅಲಾರಂ ಇಟ್ಟುಕೊಂಡರೂ ನನಗೆ ಸರಿಯಾಗಿ ಬೆಳಗಾಗುತ್ತಿರಲಿಲ್ಲ.

ನಿಂತದ್ದು ಅತ್ತೆಯ ಹೃದಯದ ದೆಸೆಯಿಂದ. ಒಂದು ಸಣ್ಣ ಆಘಾತ, ಒಂದು ಸ್ಟೆಂಟು, ಕೆಲವು ದಿನ ಆಸ್ಪತ್ರೆ. ಮನೆಗೆ ಕಳಿಸುವಾಗ ಡಾಕ್ಟರು, ಸ್ವಲ್ಪ ಕೆಲಸ ಮಾಡಿ, ಸ್ವಲ್ಪ ಕೂತು ಸುಧಾರಿಸಿಕೊಳ್ಳಿ, ಮತ್ತೆ ಮಾಡಿ ಎಂದು ನಗುತ್ತಲೇ ಹೇಳಿದರು. ಅತ್ತೆಗೆ ಅದು ಅವಮಾನವಾಯಿತು. ಅವರು ಮದುವೆಯಾಗಿ ಸೇರಿದ್ದು ವಿಜಯಪುರದ ಕಡೆಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಹಾಕಿದ್ದ ಮನೆಯನ್ನು. ಪುಣೆಯ ಅಂಗಡಿಗಳೆಲ್ಲ ಮಧ್ಯಾಹ್ನ ಬಾಗಿಲೆಳೆದು ನಿದ್ದೆ ಹೊಡೆಯುವಾಗ ನನ್ನ ಮಾವನವರದೊಂದೇ ತೆರೆದಿರುತ್ತಿತ್ತಂತೆ. "ಹಗಲಾಗ ಮಲಗಾಂವ ಎಂಥಾ ವ್ಯಾಪಾರಿ?" ಎಂದು ಅತ್ತೆ ಈಗಲೂ ಇಡೀ ಊರನ್ನು ಹಂಗಿಸುತ್ತಾರೆ. ಅಂಥವರಿಗೆ ಒಂದೆರಡು ರೊಟ್ಟಿ ಬಡಿದು ಕುರ್ಚಿ ಎಳೆದುಕೊಳ್ಳಿ ಎಂದರೆ ಹೇಗಾಗಬೇಡ?

"ಮಾಡಿದ್ರ ಪೂರಾ ಮಾಡಬೇಕು. ಇಲ್ಲಾಂದ್ರ ಕೈ ಹಚ್ಚಬಾರ್ದು" ಎಂದವರೇ ಅಡುಗೆಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟರು. ಬರೀ ಅಡುಗೆಮನೆಯಲ್ಲ, ಭಜನೆ ಬಿಟ್ಟರು, ಸಂಜೆ ಕಟ್ಟೆಯ ಮೇಲಿನ ಹರಟೆ ಬಿಟ್ಟರು. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ, "ನಂದೇನ್ರಿ, ಬಂದ್ ಬಿದ್ದ ಗಿರಣಿ" ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು. ಡಾಕ್ಟರು ಉಳಿಸಿಕೊಟ್ಟ ಅತ್ತೆ ನಮ್ಮ ಕಣ್ಣೆದುರೇ, ಸೋಫಾದ ಮೂಲೆಯಲ್ಲಿ ಕೂತು, ದಿನಕ್ಕಿಷ್ಟು ಕಡಿಮೆಯಾಗುತ್ತಿದ್ದರು.

ರೊಟ್ಟಿಯ ಕಥೆ ಕೇಳಬೇಡಿ. ನಾನು ಬಡಿದದ್ದು ಅಂಚೆಲ್ಲ ಸೀಳಿ ಹಂಚಿಗೆ ಹೋಗುವ ಮೊದಲೇ ಮೂರು ಪಾಲಾಗುತ್ತಿತ್ತು. ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಗಂಡ ಅದನ್ನು ಡಬ್ಬಿಗೆ ಹಾಕಿಕೊಂಡು ಹೋಗಿ, ಸಂಜೆ ಅರ್ಧಕ್ಕರ್ಧ ಹಾಗೇ ವಾಪಸ್ ತರುತ್ತಿದ್ದ. ಅದಕ್ಕಿಂತ ಬೈಗುಳವೇ ವಾಸಿ. ಕೊನೆಗೆ ಪೋಳಿ, ಅಂದರೆ ಇಲ್ಲಿಯ ಚಪಾತಿ, ಮಾಡಿಕೊಡುವ ಕೆಲಸದ ಹೆಂಗಸೊಬ್ಬಳನ್ನು ಗೊತ್ತುಮಾಡಿದೆ; ಇಲ್ಲಿ ಅವರನ್ನು ಬಾಯಿ ಎನ್ನುತ್ತಾರೆ. ಮನೆಯಲ್ಲಿ ಗೋಧಿ ಚಪಾತಿಯ ರಾಜ್ಯ ಶುರುವಾಯಿತು. "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ" ಎಂದು ಸೋಫಾದ ಮೂಲೆಯಿಂದ ಒಂದು ಬಾಣ ಬಂತು.

ಹೀಗಿರುವಾಗ ಊರಲ್ಲಿ ಒಂದು ಪ್ರದರ್ಶನ ಬಂತು. ಜೀವಮಾನವಿಡೀ ಬೆಳಕು ಮತ್ತು ಚಲನೆಯನ್ನೇ ಹಿಡಿದು ಕೆಲಸ ಮಾಡಿದ ಹಿರಿಯ ಕಲಾವಿದರೊಬ್ಬರ ಅಷ್ಟೂ ಕೃತಿಗಳನ್ನು ಮ್ಯೂಸಿಯಂನಲ್ಲಿ ಒಟ್ಟಿಗೆ ಇಟ್ಟಿದ್ದರು. ನನಗೆ ಹೋಗುವ ಆಸೆ. ಗಂಡನಿಗೆ ಆ ಭಾನುವಾರ ಡ್ಯೂಟಿ. ಅತ್ತೆಯನ್ನು ಒಬ್ಬರೇ ಬಿಟ್ಟು ಹೋಗಲು ಧೈರ್ಯವಿಲ್ಲ. "ನೀವೂ ಬನ್ನಿ ಅತ್ತೆ" ಎಂದೆ.

"ಹಳೇ ಅಡಕತ್ತರಿ, ಸಮಯಿ ದೀಪ ಇಟ್ಟಾರಲ್ಲ, ಆ ಮ್ಯೂಸಿಯಂ ಏನ? ನಾ ನೋಡೀನಿ."

"ಅದಲ್ಲ. ಇದು ಬರೀ ಬೆಳಕು. ತಿರುಗೋ ಬೆಳಕು."

"ಬೆಳಕ ನೋಡ್ಲಿಕ್ಕೆ ರಿಕ್ಷಾ ಮಾಡ್ಕೊಂಡ ಹೋಗಬೇಕ?" ಎಂದರು. ಆದರೂ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದರು. ನಾನು ಬಾಯಿ ಬಿಗಿಹಿಡಿದು ರಿಕ್ಷಾ ಕರೆದೆ.

ಮ್ಯೂಸಿಯಂ ಒಳಗೆ ಕತ್ತಲು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. "ಬೆಳಕ ತೋರಸ್ತೀವಂತ ಕರದು ಕತ್ತಲಿ ಮಾಡಿ ಇಟ್ಟಾರಲ್ಲ ಇವ್ರು!" ಎಂದು ಜೋರಾಗಿಯೇ ಅಂದರು. ಮುಂದಿದ್ದ ಹುಡುಗಿಯರು ಕನ್ನಡ ಬರದಿದ್ದರೂ ನಕ್ಕರು. ಒಂದು ಕೋಣೆಯಲ್ಲಿ ಸಣ್ಣ ದೀಪವೊಂದು ತೂತುಗಳ ತಗಡಿನ ಹಿಂದೆ ಓಲಾಡುತ್ತಿತ್ತು, ಗೋಡೆಯ ತುಂಬ ಚುಕ್ಕೆಗಳು ಏರಿ ಇಳಿಯುತ್ತಿದ್ದವು. "ನಮ್ಮ ಜರಡಿ ಹಿಡದ್ರ ಹಿಂಗ ಆಗ್ತದ" ಎಂದು ಅದನ್ನು ಮುಗಿಸಿದರು. ಇನ್ನೊಂದರಲ್ಲಿ ನಮ್ಮ ನೆರಳೇ ಮೂರು ಬಣ್ಣವಾಗಿ ನಮ್ಮ ಹಿಂದೆ ಬಂತು. ಅತ್ತೆ ಸೆರಗು ಸರಿಮಾಡಿಕೊಂಡರು, ಮೂರೂ ನೆರಳು ಸರಿಮಾಡಿಕೊಂಡವು.

ಕೊನೆಯ ದೊಡ್ಡ ಕೋಣೆಯಲ್ಲಿ ಆಳೆತ್ತರದ ಒಂದು ಚಕ್ರ. ಸುತ್ತ ಅಲ್ಯೂಮಿನಿಯಂ ತಗಡಿನ ಎಸಳುಗಳು. ದೀಪವಿಲ್ಲ, ಅಲುಗಾಟವಿಲ್ಲ. ಎದುರಿನ ಬೆಂಚು, ನೆಲ, ಗೋಡೆಯಂಚು ಎಲ್ಲ ಕಡೆ ಜನ ಸುಮ್ಮನೆ ಕೂತಿದ್ದಾರೆ. ಅತ್ತೆ ಒಂದು ಕ್ಷಣ ನೋಡಿ ತಲೆಯಾಡಿಸಿದರು.

"ಇದೂ ಬಂದ್ ಬಿದ್ದದ."

ಪಕ್ಕದಲ್ಲಿದ್ದ ಕಾವಲಿನ ಹೆಂಗಸಿಗೆ "ಬಂದ್" ಎಂಬುದಷ್ಟು ತಿಳಿದಿರಬೇಕು. "ಬಂದ್ ನಾಹೀ ಆಜಿ, ವಿಶ್ರಾಂತಿ ಘೇತಂಯ. ಬಸಾ ನಾ" ಎಂದು ಬೆಂಚಿನಲ್ಲಿ ಜಾಗ ಮಾಡಿಸಿದಳು. ನಿಂತದ್ದಲ್ಲ ಅಜ್ಜಿ, ವಿಶ್ರಾಂತಿ ತಗೋತಿದೆ, ಕೂತ್ಕೊಳ್ಳಿ ಅಂತ. ಮೋಟಾರು ಕಲಾವಿದರ ತಾರುಣ್ಯದ ಕಾಲದ್ದಂತೆ. ದಿನವಿಡೀ ಓಡಿಸಿದರೆ ಸುಟ್ಟುಹೋಗುತ್ತದೆ. ಹಾಗಾಗಿ ಅರ್ಧ ಗಂಟೆಗೊಮ್ಮೆ ಐದೇ ನಿಮಿಷ ತಿರುಗಿಸುತ್ತಾರಂತೆ.

ಸುಸ್ತಾಯಿತೆಂದು ನಾಲ್ಕು ಜನರೆದುರು ಕೂರಲು ಒಪ್ಪದ ಅತ್ತೆ ಕೂತರು. ಸ್ವಲ್ಪ ಹೊತ್ತಿಗೆ, "ಹೊಸಾ ಮೋಟಾರ್ ಹಾಕಬಾರ್ದೇನ?" ಎಂದರು.

"ಹಾಕಬಹುದು. ಆದ್ರೆ ಆಮೇಲೆ ಇದು ಅದೇ ಚಕ್ರ ಆಗಿರಲ್ವಂತೆ. ನಡಿಗೆ ಬೇರೆ ಆಗುತ್ತಂತೆ."

"ಮತ್ತ ಬರೇ ಐದ ನಿಮಿಷಕ್ಕ ಇಷ್ಟ ಮಂದಿ ಕುಂತಾರ?"

"ಹೌದು ಅತ್ತೆ."

"ಯಾರೂ ಎದ್ದು ಹೋಗವಲ್ರು." ಆಮೇಲೆ ತಮಗೆ ತಾವೇ ಎಂಬಂತೆ, "ಈ ಊರಾಗ ಮಷೀನೂ ಮಧ್ಯಾಹ್ನ ಮಲಗ್ತದ ನೋಡು" ಎಂದು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಕಣ್ಣೊರೆಸಿಕೊಂಡೆ. ಕತ್ತಲಿದ್ದದ್ದು ಒಳ್ಳೆಯದಾಯಿತು.

ದೀಪ ಹೊತ್ತಿಕೊಂಡಿತು, ಚಕ್ರ ಒಮ್ಮೆ ಗೊರ್ ಎಂದು ಕೆಮ್ಮಿ ತಿರುಗತೊಡಗಿತು. ಎಸಳೆಸಳಿಗೂ ಬೆಳಕು ತಾಗಿ ಸಿಡಿದು ಗೋಡೆ, ಚಾವಣಿ, ಜನರ ಮುಖ, ಅತ್ತೆಯ ಸೀರೆಯ ಕೆಂಪು ಸೆರಗು ಎಲ್ಲದರ ಮೇಲೂ ಹರಿಯಿತು. ಅತ್ತೆ ಬೆರಳಿನಿಂದ ನನ್ನ ಮೊಣಕಾಲ ಮೇಲೆ ಅದರ ತಾಳ ಹಾಕುತ್ತಿದ್ದರು. ಚಕ್ರ ನಿಂತಾಗ ಯಾರೋ ಚಪ್ಪಾಳೆ ತಟ್ಟಿದರು. ಮನೆಗೆ ಹೊರಡೋಣವೇ ಎಂದೆ. "ಇನ್ನೊಮ್ಮೆ ನೋಡೂಣು" ಎಂದರು. ಮತ್ತೆ ಅರ್ಧ ಗಂಟೆ ಕಾದೆವು.

ದಾರಿಯಲ್ಲಿ ಅತ್ತೆ ರಿಕ್ಷಾದ ದರವನ್ನೇ ಬೈಯುತ್ತಿದ್ದರು. ನಾನೂ ಚಕ್ರದ ಮಾತೆತ್ತದೆ ಹೂಂಗುಟ್ಟಿದೆ. ಬಾಯಿಬಿಟ್ಟರೆ ಕೆಡುತ್ತದೆ ಎಂಬಷ್ಟು ಬುದ್ಧಿ ನನಗೂ ಅಪರೂಪಕ್ಕೆ ಬರುತ್ತದೆ.

ಮರುದಿನ ಬೆಳಗ್ಗೆ ಎಚ್ಚರವಾದದ್ದು ಪಟಪಟ ಸದ್ದಿಗೆ. ಗಂಡನೂ ನಾನೂ ಮುಖ ಮುಖ ನೋಡಿಕೊಂಡು ಅಡುಗೆಮನೆಗೆ ಓಡಿದೆವು. ಅಲ್ಲಿ ಒಲೆಯ ಪಕ್ಕಕ್ಕೇ ಪ್ಲಾಸ್ಟಿಕ್ ಕುರ್ಚಿಯೊಂದು ಬಂದಿತ್ತು. ಅತ್ತೆ ಎರಡು ರೊಟ್ಟಿ ಬೇಯಿಸಿ, ಕೈಯೊರೆಸಿಕೊಂಡು, ರಾಣಿಯ ಹಾಗೆ ಅದರಲ್ಲಿ ಕೂತರು.

"ಸಾಕು ಬಿಡವ್ವಾ, ಉಳಿದಿದ್ದು ಬಾಯಿ ಮಾಡ್ತಾಳ" ಎಂದ ಗಂಡ ಗಾಬರಿಯಲ್ಲಿ.

"ಬಂದ್ ಬಿದ್ದಿಲ್ಲೋ ಮಾರಾಯಾ, ವಿಶ್ರಾಂತಿ. ತಾಟ ಹಿಡ್ಕೊಂಡು ಕುಂದ್ರು. ಕಾಯಾಕ ಕಲಿ."

ಗಂಡನಿಗೆ ತಲೆಬುಡ ತಿಳಿಯಲಿಲ್ಲ. ಕಾರ್ಖಾನೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಅವನ ತೋಳು ಹಿಡಿದೆಳೆದು ನೆಲದ ಮೇಲೆ ಕೂರಿಸಿ, ಪಕ್ಕದಲ್ಲೇ ಕೂತೆ. ಅತ್ತೆ ಕಣ್ಣು ಮುಚ್ಚಿದ್ದರು. ನಾನು ಅವರ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಈಗಲೂ ದಿನಾ ನೋಡುತ್ತೇನೆ, ಆ ಹೆದರಿಕೆ ಹೋಗಿಲ್ಲ. ಪಲ್ಯ ಆರಿತು, ಬಸ್ಸು ಹೋಯಿತು. ಅಷ್ಟರಲ್ಲಿ ಅತ್ತೆ ಕುರ್ಚಿಯ ಕೈ ಊರಿ ಎದ್ದರು, ಹಿಟ್ಟಿಗೆ ನೀರು ಚಿಮುಕಿಸಿದರು. ಪಟಪಟ ಸದ್ದು ಮತ್ತೆ ಶುರುವಾಯಿತು. ನಾನು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದೆ.