ನಮ್ಮತ್ತೆ ಆರಿಸಿದ ಹೆಡ್‌ಬೋರ್ಡ್

ಹೋದ ಭಾನುವಾರ ವಿಜಯನಗರದ ಒಂದು ಫರ್ನಿಚರ್ ಅಂಗಡಿಯಲ್ಲಿ, ಎಲ್ಲರೂ ನೋಡುತ್ತಿರುವಾಗಲೇ ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು, ಮಾರಾಟಕ್ಕಿಟ್ಟಿದ್ದ ಮಂಚದ ಮೇಲೆ ಅಂಗಾತ ಮಲಗಿಬಿಟ್ಟರು!

ನಾನು ಮುಖ ಎಲ್ಲಿಟ್ಟುಕೊಳ್ಳಲಿ?

ಈ ಅಂಕಣ ಕೆಲವು ವಾರ ಯಾಕೆ ಬರಲಿಲ್ಲ ಎಂದು ನಿಮ್ಮಲ್ಲಿ ಹಲವರು ಕೇಳಿದ್ದಿರಿ. ನಮ್ಮ ಯಜಮಾನರು ಫ್ಯಾಕ್ಟರಿಯಿಂದ ಬರುವಾಗ ಚಂದ್ರಾ ಲೇಔಟಿನ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. (ಬುಕ್ ಮಾಡಿ ವರ್ಷಗಟ್ಟಲೆ ಕಾದು ಪಡೆದ ಸ್ಕೂಟರ್ ಅದು!) ಯಾರೋ ಪುಣ್ಯಾತ್ಮರು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆ ಸೇರಿಸಿ, ಹೆಸರೂ ಹೇಳದೆ ಹೋದರಂತೆ. ಎಲ್ಲೇ ಇರಲಿ, ಅವರ ಹೊಟ್ಟೆ ತಣ್ಣಗಿರಲಿ.

ಆಪರೇಷನ್ ಆಯಿತು. ಮನೆಗೂ ಬಂದರು. ಆದರೆ ಬಂದವರು ನಮ್ಮ ಯಜಮಾನರೇ ಅಲ್ಲ.

ಮೊದಲೆಲ್ಲ ಸಾರಿಗೆ ಉಪ್ಪು ಕಡಿಮೆಯಾದರೆ ಬೀದಿಗೇ ಕೇಳಿಸುವಂತೆ ಕೂಗುತ್ತಿದ್ದ ಮನುಷ್ಯ ಈಗ ಮೆತ್ತಗೆ, "ಸುಮ್ನೆ ನಿಮಗೆಲ್ಲ ತೊಂದ್ರೆ" ಅನ್ನುತ್ತಿದ್ದರು. ಎದ್ದು ಕೂರಬೇಕೆಂದರೆ ಆ ಕಡೆ ಅತ್ತೆ, ಈ ಕಡೆ ನಾನು ಕಂಕುಳಿಗೆ ಕೈಕೊಟ್ಟು ಎತ್ತಬೇಕು. ಪದೇ ಪದೇ ನಮ್ಮನ್ನು ಕರೆಯಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟಿದ್ದರು. ಅದು ಗೊತ್ತಾದ ದಿನ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಡಾಕ್ಟರು, ಇನ್ನು ಒರಗಿ ಕೂರಬಹುದು ಎಂದರು. ನಮ್ಮದೋ ಬೋಳು ಮಂಚ. ದಿಂಬು ಜೋಡಿಸಿದರೆ ಜಾರುತ್ತವೆ. ಸರಿ, ತಲೆಯ ಕಡೆ ಒರಗಲು ಒಂದು ಹೆಡ್‌ಬೋರ್ಡ್ ತಂದು ಹಾಕಿಸೋಣವೆಂದು ಅತ್ತೆ-ಸೊಸೆ ಹೊರಟೆವು.

ಅಂಗಡಿಯಲ್ಲಿ ಏನಿದೆ, ಏನಿಲ್ಲ! ನವಿಲು ಕೆತ್ತಿದ್ದು, ರೇಡಿಯೋ ಇಡಲು ಗೂಡಿರುವ ಸನ್‌ಮೈಕಾದ್ದು, ಗುಂಡಿಗಳಿಟ್ಟು ಹೊಲಿದ ಮೆರೂನ್ ರೆಕ್ಸಿನ್‌ದು. ನನ್ನ ಕಣ್ಣು ರೆಕ್ಸಿನ್ ಬಿಟ್ಟು ಕದಲಲಿಲ್ಲ. (ಬೆಡ್‌ರೂಮಿಗೆ ಯಾವ ನೆಂಟರು ಬರುತ್ತಾರೆ? ಆದರೂ ನಾವು ಕೊಳ್ಳುವುದು ಬಾರದ ನೆಂಟರ ಕಣ್ಣಿಗಾಗಿಯೇ!)

"ಈಗ ಮದುವೆಗಳಿಗೆಲ್ಲ ಇದೇ ಹೋಗ್ತಾ ಇರೋದು ಮೇಡಂ" ಎಂದರು ಅಂಗಡಿಯವರು.

ಅತ್ತೆ ಕೆಂಗೇರಿ ಕಡೆಯ ಹಳ್ಳಿಯವರು. ಹೊಲಗದ್ದೆಯಲ್ಲಿ ದುಡಿದ ಜೀವ. ರೆಕ್ಸಿನ್ ಸವರಿ ನೋಡಿದರು. "ಚೆನ್ನಾಗೈತೆ. ಹಿಡ್ಕಳಕ್ಕೇನೈತಪ್ಪ ಇದ್ರಲ್ಲಿ?"

"ಹಿಡ್ಕೊಳ್ಳೋದಲ್ಲಮ್ಮ, ಇದು ಒರಗೋಕೆ."

"ಒರಗೋನು ಮೊದ್ಲು ಏಳ್ಬೇಕಲ್ಲಪ್ಪ?"

ಅಷ್ಟು ಹೇಳಿ ಮಲಗಿಯೇಬಿಟ್ಟರು! ಮಗನ ಹಾಗೆಯೇ ಒಂದು ಕಾಲು ಸೆಟೆಸಿಕೊಂಡು, ಎರಡೂ ಕೈ ಹಿಂದಕ್ಕೆ ಚಾಚಿದರು. ರೆಕ್ಸಿನ್ ಮೇಲೆ ಕೈ ಜಾರಿತು. ಮುಂದಿನ ಮಂಚಕ್ಕೆ ಹೋದರು. ನವಿಲಿನ ಕೊಕ್ಕು ಚುಚ್ಚಿತು. ಅಂಗಡಿಗೆ ಬಂದಿದ್ದವರೆಲ್ಲ ಸುತ್ತ ನಿಂತು ನಗುತ್ತಿದ್ದರು. ಅತ್ತೆಗೆ ಅದರ ಪರಿವೆಯೇ ಇಲ್ಲ. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದು ಮಂಚ. ತಲೆಯ ಕಡೆ ಸಾದಾ ಮರದ ಕಂಬಿಗಳು, ಅಷ್ಟೇ. ಎರಡು ಕಂಬಿ ಹಿಡಿದು, ಮೈ ಜಗ್ಗಿ, ಎದ್ದು ಕೂತರು.

"ಇಂಥದ್ದೇ ಕೊಡಪ್ಪ."

"ತೀರಾ ಹಳೇ ಕಾಲದ್ದು ಅತ್ತೆ" ಎಂದು ನಾನು ಗೊಣಗಿದೆ.

"ನನ್ ಮಗ ಇನ್ನೊಬ್ರ ಕೈ ಕಾಯ್ಕಂಡು ಬಿದ್ದಿರಬಾರ್ದು ಕಣವ್ವ. ಅದು ನನ್ ಕೈಯಾದ್ರೂ ಅಷ್ಟೇ."

ನಾನು ಪರ್ಸ್ ತೆಗೆದು ದುಡ್ಡು ಎಣಿಸಿಕೊಟ್ಟೆ. ಅಂಗಡಿಯವರು ಅಂದೇ ಸಂಜೆ ಬಡಗಿಯನ್ನು ಕಳಿಸಿ ನಮ್ಮ ಮಂಚಕ್ಕೆ ಬೋಲ್ಟ್ ಹಾಕಿಸಿಕೊಟ್ಟರು.

ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಮಂಚ ಕಿರುಗುಟ್ಟಿತು. ಓಡಿದೆ. ಬಾಗಿಲಲ್ಲೇ ನಿಂತಿದ್ದ ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿದರು. "ಹೋಗ್ಬೇಡ, ಇರು." ಒಳಗೆ ಯಜಮಾನರು ಹಲ್ಲು ಕಚ್ಚಿ ಕಂಬಿ ಹಿಡಿದು ಎಳೆಯುತ್ತಿದ್ದರು. ಒಮ್ಮೆ ಜಾರಿದರು. ನನ್ನ ತೋಳಿನ ಮೇಲೆ ಅತ್ತೆಯ ಬೆರಳು ಬಿಗಿಯಾಯಿತು. ಯಜಮಾನರು ಮತ್ತೆ ಹಿಡಿದರು, ಎಳೆದರು, ಕೂತರು! ಹಣೆ ತುಂಬ ಬೆವರು. ಬೆನ್ನು ನೆಟ್ಟಗೆ.

ಉಸಿರು ಹತೋಟಿಗೆ ಬಂದ ಮೇಲೆ ಬೀದಿಗೆಲ್ಲ ಕೇಳಿಸುವಂತೆ ಒಂದು ಕೂಗು: "ಲೇ, ಇವತ್ತು ಕಾಫಿ ಕೊಡೋ ಯೋಚ್ನೆ ಇದೆಯೋ ಇಲ್ವೋ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಡುಗೆಮನೆಗೆ ಹೋಗಿ, ಉಕ್ಕುತ್ತಿದ್ದ ಹಾಲಿನ ಮುಂದೆಯೇ ಕೈಮುಗಿದೆ.

ಗಂಡ ಗದರಿದನೆಂದು ದೇವರಿಗೆ ಥ್ಯಾಂಕ್ಸ್ ಹೇಳಿದ ಹೆಂಗಸು ನಮ್ಮ ವಿಜಯನಗರದಲ್ಲಿ ಇನ್ನೊಬ್ಬಳಿದ್ದಾಳೆಯೇ?