ಕೊಸರಿನ ಹನ್ನೆರಡು ಗೂಟ

ಸೈನ್ಯಕ್ಕೆ ಡೇರೆ ಬೇಕು, ಡೇರೆಗೆ ಗೂಟ ಬೇಕು. ನನ್ನ ನೌಕರಿ ಇರುವುದು ಈ ಎರಡನೆಯದರಲ್ಲಿ. ಮಂಡ್ಯದಿಂದ ದಿನಾ ಬೆಳಗಿನ ರೈಲು ಹತ್ತಿ, ಒಂದು ಸೇನಾ ಡಿಪೋದ ಖರೀದಿ ವಿಭಾಗದಲ್ಲಿ ಕೂತು, ಸಂಜೆ ರೈಲಿಗೆ ವಾಪಸ್ಸಾಗುತ್ತೇನೆ. ಮಳವಳ್ಳಿ ಕಡೆಯ ನೆಂಟರು ನಾನು ಫಿರಂಗಿ ಕೊಳ್ಳುತ್ತೇನೆಂದು ತಿಳಿದಿದ್ದಾರೆ. ತಿದ್ದಲು ಹೋಗಿಲ್ಲ.

ಕೆಲವು ವರ್ಷಗಳಿಂದ ನಮಗೆ ಬರುವ ಹಣ ಕಡಿಮೆಯಾಗುತ್ತಾ ಬಂತು. ಮಿತವ್ಯಯ ಪಾಲಿಸಿ ಎಂಬ ಪತ್ರ ದಪ್ಪ ಲಕೋಟೆಯಲ್ಲಿ ಮೂರು ಪ್ರತಿ ಬಂತು. ಸಾಹೇಬರು ಹಳೆಯ ಸರಬರಾಜುದಾರರ ದರಪಟ್ಟಿಯನ್ನು ನನ್ನ ಮುಂದಿಟ್ಟು, ಇದೇ ಗೂಟ ಸಣ್ಣ ಊರುಗಳಲ್ಲಿ ಕಡಿಮೆಗೆ ಸಿಗುತ್ತದೋ ನೋಡಿ ಎಂದರು. ಹಳೆಯ ಕಡತವನ್ನೂ ತೆಗೆದು ಓದಿದೆ. ಪ್ರತಿ ಗೂಟವನ್ನೂ ಮೇಣದ ಕಾಗದದಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕೆಂದು ಯಾವ ಕಾಲದಲ್ಲೋ ಯಾರೋ ಬರೆದಿದ್ದರು. ಮಣ್ಣಿಗೆ ಹೊಡೆಯುವ ಕಬ್ಬಿಣಕ್ಕೆ ಈ ಸಿಂಗಾರ. ಮೂಗಿಗಿಂತ ಮೂಗುತಿ ಭಾರವಾಗಿತ್ತು. ಆ ಪೆಟ್ಟಿಗೆಯನ್ನು ಕಡತದಿಂದ ತೆಗೆಸಲು ನನಗೆ ಹನ್ನೊಂದು ತಿಂಗಳು ಹಿಡಿಯಿತು. ದೇಶಕ್ಕೆ ನಾನು ಮಾಡಿರುವ ಸೇವೆ ಅಷ್ಟೇ.

ಗೋಣಿಚೀಲ ಸಾಕು ಎಂಬ ಆದೇಶ ಬಂದ ವಾರವೇ ಮದ್ದೂರಿನಲ್ಲಿ ಇಳಿದೆ. ಅಲ್ಲಿ ಲೇತ್ ಮೆಷಿನ್ ಇಟ್ಟುಕೊಂಡಿರುವ ಸಾಬರೊಬ್ಬರಿದ್ದಾರೆ, ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನಮ್ಮಪ್ಪನ ಆಲೆಮನೆ ಗಾಣವನ್ನು ರಿಪೇರಿ ಮಾಡಿಕೊಂಡು ಬಂದವರು. ಗೂಟದ ನಕ್ಷೆಯನ್ನು ಕೈಗೆ ಕೊಟ್ಟೆ. ಕನ್ನಡಕ ಏರಿಸಿ ತಿರುಗಿಸಿ ನೋಡಿದರು.

"ಇದು ದನ ಕಟ್ಟೋ ಗೂಟ ಕಣಪ್ಪ."

"ಡೇರೆ ಗೂಟ, ಸಾಬ್ರೇ."

"ಯಾವ್ದಾದ್ರೇನು, ಕಿತ್ಕಂಡ್ ಬರಬಾರ್ದು, ಅಷ್ಟೇ ತಾನೆ?"

ಹಳೆಯ ದರದ ಅರ್ಧಕ್ಕೂ ಕಡಿಮೆ ಹೇಳಿದರು. ಎಳೆತಕ್ಕೆ ತಡೆಯುತ್ತದೋ ಇಲ್ಲವೋ ಪರೀಕ್ಷೆ ಆಗಬೇಕು ಎಂದೆ. ಆತಗೂರಿನ ಗಿರಾಕಿಯೊಬ್ಬರ ಹೋರಿಯನ್ನು ಮಾದರಿ ಗೂಟಕ್ಕೆ ಒಂದು ಹಗಲು ಕಟ್ಟಿದರು. ಸಂಜೆಯ ಹೊತ್ತಿಗೆ ಹಗ್ಗ ಕಿತ್ತು ಹೋರಿ ಊರ ಕಡೆ ಹೋಗಿತ್ತು. ಗೂಟ ಅಲ್ಲೇ ಇತ್ತು. ನಮ್ಮ ಪ್ರಯೋಗಾಲಯವೂ ಆಮೇಲೆ ಇದನ್ನೇ ಮೂರು ಪುಟದಲ್ಲಿ ಹೇಳಿತು.

ಸಾವಿರ ಗೂಟಕ್ಕೆ ಆರ್ಡರ್ ಆಯಿತು. ಸಾಬರು ಆ ಹಂಗಾಮಿನ ಆಲೆಮನೆ ಕೆಲಸಗಳನ್ನೆಲ್ಲ ಬೇರೆಯವರಿಗೆ ಬಿಟ್ಟು, ಕೈಯಲ್ಲಿದ್ದುದನ್ನೆಲ್ಲ ಕಬ್ಬಿಣಕ್ಕೆ ಸುರಿದು, ಬೀದಿಗೆಲ್ಲ "ಮಿಲಿಟ್ರಿ ಕೆಲಸ" ಎಂದು ಹೇಳಿ ಕೂತರು. ಮಾಲು ಪಾಸಾದರೆ ಮುಂದಿನ ಆರ್ಡರೂ ಅವರದೇ. ತಿರಸ್ಕೃತವಾದರೆ ಅವರ ಹೆಸರು ಪಟ್ಟಿಯಿಂದ ಹೋಗುತ್ತದೆ, ಅಷ್ಟೂ ಗೂಟ ಗುಜರಿಗೆ. ಅವರನ್ನು ಇದಕ್ಕೆ ಎಳೆದವನು ನಾನು.

ಮಾಲು ಹೇಳಿದ ದಿನವೇ ಬಂತು. ಮರುದಿನ ತಪಾಸಣೆಯವರು ಬರುವವರಿದ್ದರು. ನಮ್ಮ ಉಗ್ರಾಣದವನು ಮೊದಲೊಮ್ಮೆ ಎಣಿಸಿದ. ಅವನೂ ಮಂಡ್ಯದವನೇ, ನನ್ನ ಜೊತೆ ಅದೇ ರೈಲಿನಲ್ಲಿ ಬರುವವನು. ಎರಡನೇ ಸಲ ಎಣಿಸಿ ನನ್ನ ಮೇಜಿನ ಹತ್ತಿರ ಬಂದ.

"ಸಾವಿರದ ಅನ್ನೆರಡು ಅವೆ."

ಸಾಬರಿಗೆ ಫೋನು ಮಾಡಿದೆ.

"ಕೊಸರು ಕಣಪ್ಪ. ಸಾವಿರ ಗೂಟ ತಕ್ಕೊಂಡೋರ್‍ಗೆ ಅನ್ನೆರಡಾದ್ರೂ ಆಕ್ಬೇಡ್ವಾ? ಮಿಲಿಟ್ರಿ ಕೈಯಲ್ಲಿ ಕಾಸಿಲ್ಲ ಅಂತ ನೀನೇ ಏಳಿದ್ದೆ."

ಸಂತೆಯಲ್ಲಿ ಸೊಪ್ಪು ಮಾರುವವಳೂ ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳೆ. ಹಾಕದಿದ್ದರೆ ನಾವು ಮತ್ತೆ ಅವಳ ಹತ್ತಿರ ಹೋಗುವುದಿಲ್ಲ. ಸಾಬರು ಸೈನ್ಯವನ್ನೂ ಅದೇ ಮರ್ಯಾದೆಯಲ್ಲಿ ನಡೆಸಿಕೊಂಡಿದ್ದರು. ನನಗೆ ತಲೆ ಕೆಟ್ಟು, ಫೋನಿನಲ್ಲೇ ಹರಿಹಾಯ್ದೆ. ಆರ್ಡರಿಗಿಂತ ಒಂದು ಹೆಚ್ಚಿದ್ದರೂ ಇಡೀ ಮಾಲು ತಿರಸ್ಕೃತವಾಗುತ್ತದೆ ಎಂದೆ.

"ಕಮ್ಮಿ ಕೊಟ್ಟಿದ್ರೆ ಉಗೀಬೋದು. ಎಚ್ಚಾಗ್ ಕೊಟ್ರೂ ತಪ್ಪಾ?" ಎಂದರು ಸಾಬರು. ಫೋನು ಇಟ್ಟು ನಿಯಮದ ಕಡತ ತೆಗೆದೆ.

ಕಡಿಮೆ ಬಂದರೆ ಅದಕ್ಕೊಂದು ಫಾರಂ ಇದೆ, ಬಿಲ್ಲಿನಲ್ಲಿ ಮುರಿದುಕೊಂಡರೆ ಮುಗಿಯಿತು. ಹೆಚ್ಚು ಬಂದರೆ ಏನು ಮಾಡಬೇಕೆಂದು ಯಾರೂ ಬರೆದಿಟ್ಟಿಲ್ಲ, ಬರೆದಿಡದ್ದನ್ನು ತಪಾಸಣೆಯವರು ಪಾಸು ಮಾಡುವುದಿಲ್ಲ. ವಾಪಸ್ಸು ಕಳಿಸೋಣವೆಂದರೆ ಗೇಟಿನಲ್ಲಿ ಪಾಸು ಬೇಕು, ಪಾಸಿಗೆ ವಸ್ತು ಪುಸ್ತಕದಲ್ಲಿರಬೇಕು, ಪುಸ್ತಕದಲ್ಲಿ ಸಾವಿರಕ್ಕಷ್ಟೇ ಜಾಗ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ನಂಗೂ ಗೊತ್ತು ಕಣ್ಲಾ ಅದು ಕೊಸರು ಅಂತ," ಎಂದ ಉಗ್ರಾಣದವನು. "ಫಾರಂನಾಗೆ ಕೊಸರು ಅನ್ನೋ ಕಾಲಂ ಇಲ್ವಲ್ಲ."

ಊಟದ ಬಿಡುವಿನಲ್ಲಿ ಹನ್ನೆರಡು ಗೂಟವನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಉಗ್ರಾಣದ ಹಿಂದೆ ಹೋದೆ. ಸುತ್ತಿಗೆ ಪಡೆಯಲು ಅರ್ಜಿ ಕೊಡಬೇಕಾದ್ದರಿಂದ ಒಂದು ಕಲ್ಲು ಹುಡುಕಿಕೊಂಡೆ. ಹನ್ನೆರಡನ್ನೂ ಸಾಲಾಗಿ ನೆಲಕ್ಕೆ ಹೊಡೆದೆ. ಇಷ್ಟು ವರ್ಷ ಗೂಟ ಕೊಂಡವನು ಗೂಟ ಹೊಡೆದದ್ದು ಅದೇ ಮೊದಲು. ಒಳ್ಳೆಯ ಗೂಟಗಳು, ಒಂದೂ ಬಾಗಲಿಲ್ಲ. ಉಗ್ರಾಣದವನು ಬುತ್ತಿ ಉಣ್ಣುತ್ತಾ ನೋಡುತ್ತಿದ್ದ. ಕೈ ತೊಳೆದುಕೊಂಡು ಹೋಗಿ ಮೂರನೇ ಸಲ ಎಣಿಸಿದ.

"ಸಾವಿರ. ಸರಿ ಅದೆ."

ಮಾಲು ಪಾಸಾಯಿತು. ಹಣ ಉಳಿಯಿತೆಂದು ಸಾಹೇಬರಿಗೆ ಮೆಚ್ಚುಗೆಯ ಪತ್ರ ಬಂತು. ಉಗ್ರಾಣದ ಹಿಂದೆ ನಾನು ಹೊಡೆದ ಗೂಟಗಳ ಬಗ್ಗೆ ಯಾರೂ ಕೇಳಲಿಲ್ಲ. ಮುಂದಿನ ಭೇಟಿಗೆ ಯಾರೋ ದೊಡ್ಡವರು ಬರುತ್ತಾರೆಂದು ಅವಕ್ಕೆ ಸುಣ್ಣ ಬಳಿಸಿದರು.

ಎರಡನೇ ಆರ್ಡರಿಗೆ ಸಾಬರು ಹೇಳಿದ ದರ ಕೊಂಚ ಏರಿತ್ತು. ಕಬ್ಬಿಣದ ರೇಟು ಏರಿತೇ ಎಂದು ಕೇಳಿದೆ.

"ಇಲ್ಲ ಸಾರ್. ಎಣ್ಸಕ್ಕೆ ಇಬ್ರುನ್ನ ಮಡೀಕಂಡಿವ್ನಿ. ಒಬ್ಬ ಎಣ್ಸಿದ್ದನ್ನ ಇನ್ನೊಬ್ಬ ಎಣ್ಸಬೇಕಲ್ಲ."

ಅವರು ನನ್ನನ್ನು ಸಾರ್ ಎಂದದ್ದು ಅದೇ ಮೊದಲ ಸಲ. ಮಾಲು ಬಂತು. ಇಪ್ಪತ್ತು ಚೀಲ, ಚೀಲಕ್ಕೆ ಐವತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಉಗ್ರಾಣದವನು ಒಂದೇ ಸಲ ಎಣಿಸಿ ಸಹಿ ಹಾಕಿದ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವರ ಮೇಲೆ ಹರಿಹಾಯ್ದದ್ದು ನೆನಪಾಗಿ ನಾಚಿಕೆಯಾಯಿತು.

ಹೋದ ತಿಂಗಳು ನಮ್ಮ ಮನೆಯ ಗೇಟಿಗೆ ಬೋಲ್ಟು ಬೇಕಾಗಿ ಮದ್ದೂರಿನಲ್ಲಿ ಇಳಿದೆ. ಎಂಟು ಬೋಲ್ಟು ಕೇಳಿದೆ. ಸಾಬರು ಡಬ್ಬದಿಂದ ಒಂದೊಂದೇ ತೆಗೆದು, ಬಾಯಿಬಿಟ್ಟು ಎಣಿಸಿ, ಎಂಟನ್ನು ಕಾಗದದ ಮೇಲಿಟ್ಟರು. ಕೈ ಮತ್ತೆ ಡಬ್ಬಕ್ಕೆ ಹೋಗಿ ಅಂಚಿನಲ್ಲಿ ನಿಂತಿತು.

"ಮನೇದಾ, ಸರ್ಕಾರದ್ದಾ?"

"ಮನೇದು," ಎಂದೆ.

ಕೈ ಒಳಗಿಳಿಯಿತು. ಒಂದು ಹಿಡಿ ತೆಗೆದು ಎಂಟರ ಮೇಲೆ ಹಾಕಿ, ಪೊಟ್ಟಣ ಕಟ್ಟಿದರು. ಮನೆಗೆ ಬಂದು ನಾನು ಎಣಿಸಲಿಲ್ಲ.