ಎರಡು ಚಾನೆಲ್, ಒಂದೇ ದನಿ

ಕೊರೊನಾ ಗಲಾಟೆ ಮುಗಿದು, ಕಚೇರಿಗಳು ಮತ್ತೆ ಜನರಿಂದ ತುಂಬಿಕೊಂಡ ಮೇಲಿನ ಮಾತಿದು. ನಾನಾಗ ಮಲೇಷ್ಯಾದ ಸೈಬರ್‌ಜಯಾದಲ್ಲಿ ಒಂದು ಪ್ಲೇಔಟ್ ಕಂಪನಿಯ ಡ್ಯೂಟಿ ಮ್ಯಾನೇಜರ್. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಗಂಡನ ಕೆಲಸದ ಹಿಂದೆ ಇಲ್ಲಿಗೆ ಬಂದವಳು, ಕೊನೆಗೆ ಅವರಿಗಿಂತ ಹೆಚ್ಚು ವರ್ಷ ನಾನೇ ದುಡಿದೆ.

ಪ್ಲೇಔಟ್ ಅಂದರೆ ಏನು ಅಂತ ನನ್ನ ಮಗಳಿಗೇ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಟೀವಿ ಚಾನೆಲ್ಲಿನವರು ಕಾರ್ಯಕ್ರಮ ಮಾಡಿ ಫೈಲ್ ಕಳಿಸುತ್ತಾರೆ. ಅದನ್ನು ವೇಳಾಪಟ್ಟಿ ಪ್ರಕಾರ ಜೋಡಿಸಿ, ಮೂಲೆಯಲ್ಲಿ ಲೋಗೋ ಕೂರಿಸಿ, ಕೆಳಗೆ ಓಡುವ ಅಕ್ಷರ ಹಾಕಿ, ಉಪಗ್ರಹಕ್ಕೆ ಏರಿಸುವುದು ನಮ್ಮ ಕೆಲಸ. ಅಡುಗೆ ಯಾರದೋ, ಬಡಿಸುವವರು ನಾವು. ಬೇಕಾದ ಭಾಷೆಯಲ್ಲಿ ದನಿ ಸೇರಿಸುವ ಕೆಲಸವನ್ನೂ ಕಂಪನಿ ವಹಿಸಿಕೊಂಡಿತ್ತು.

ನಮ್ಮಲ್ಲಿ ಆಫ್ರಿಕಾಕ್ಕೆ ಹೋಗುವ ಚಾನೆಲ್ ಎರಡಿದ್ದವು. ಎರಡೂ ದೊಡ್ಡ ದೊಡ್ಡ ದೇಶಗಳ ಸರ್ಕಾರಿ ದುಡ್ಡಿನಲ್ಲಿ ನಡೆಯುವಂಥವು, ಒಂದಕ್ಕೆ ಇನ್ನೊಂದನ್ನು ಕಂಡರೆ ಆಗದು. ಒಂದು ದೇಶ ರಸ್ತೆ ಮಾಡಿಸಿದರೆ ಇನ್ನೊಂದು ಸೇತುವೆ ಕಟ್ಟಿಸುತ್ತಿತ್ತು. ಒಂದು ಊರಿಗೆ ಟೀವಿ ಹಂಚಿದರೆ ಇನ್ನೊಂದು ಪಕ್ಕದ ಊರಿಗೆ ಟೀವಿ ಹಂಚುತ್ತಿತ್ತು, ತನ್ನ ಚಾನೆಲ್ ಮಾತ್ರ ಬರುವ ಹಾಗೆ ಮಾಡಿ! ಒಮ್ಮೆ ಒಂದೇ ಆಸ್ಪತ್ರೆಗೆ ಒಬ್ಬರು ಕಟ್ಟಡ ಕೊಟ್ಟರು, ಇನ್ನೊಬ್ಬರು ಮಂಚ ಕೊಟ್ಟರು. ಮೊದಲನೆಯ ಚಾನೆಲ್ಲಿನಲ್ಲಿ ಆ ಆಸ್ಪತ್ರೆಯ ಗೋಡೆ, ಮಾಡು ಬಿಟ್ಟರೆ ಒಂದು ಮಂಚವೂ ಕಾಣಲಿಲ್ಲ. ಎರಡನೆಯದರಲ್ಲಿ ಬರೀ ಮಂಚ, ಬಯಲಲ್ಲಿ ಹಾಕಿದ ಹಾಗೆ.

ಒಬ್ಬರ ಹೆಸರು ಇನ್ನೊಬ್ಬರ ಕಿವಿಗೆ ಬೀಳಬಾರದು ಅಂತ ಕರಾರಿನಲ್ಲೇ ಬರೆದಿತ್ತು. ಅದಕ್ಕೆ ನಾನು ಮತ್ತು ನಮ್ಮ ಶಿಫ್ಟ್ ಎಂಜಿನಿಯರ್ ಬಸವರಾಜ, ಧಾರವಾಡದ ಹುಡುಗ, ಕನ್ನಡದಲ್ಲಿ ಅಡ್ಡಹೆಸರು ಇಟ್ಟುಕೊಂಡಿದ್ದೆವು. ಹಳೆಯ ಚಾನೆಲ್ 'ಅತ್ತೆ', ಆಮೇಲೆ ಬಂದದ್ದು 'ಸೊಸೆ'. ಒಂದೇ ಹಾಲ್, ನಡುವೆ ಮಂಜು ಬಡಿದಂಥ ಗಾಜು, ಆಚೆ ಅತ್ತೆ, ಈಚೆ ಸೊಸೆ. ಎರಡು ಕಡೆಗೂ ಓಡಾಡುವವರು ಮಾತ್ರ ನಾವೇ.

ಇನ್ನೊಂದು ಗುಟ್ಟಿತ್ತು. ಎರಡೂ ಚಾನೆಲ್ಲಿನ ಸ್ವಾಹಿಲಿ ಪ್ರಕಟಣೆಗೆ ಬೇರೆ ಬೇರೆ ದನಿ ಇರಬೇಕು ಅಂತ ಕರಾರು. ಆದರೆ ನಮ್ಮಲ್ಲಿ ಇದ್ದ ಸ್ವಾಹಿಲಿಯವಳು ಒಬ್ಬಳೇ, ನೀಮಾ. ಪೂರ್ವ ಆಫ್ರಿಕಾದಿಂದ ಇಲ್ಲಿ ಓದಲು ಬಂದು ಕೆಲಸಕ್ಕೆ ನಿಂತ ಹುಡುಗಿ. ಅತ್ತೆಗೆ ಅವಳ ಸಹಜ ದನಿ. ಸೊಸೆಗೆ ಅದನ್ನೇ ಬಸವರಾಜ ಮಷೀನಿನಲ್ಲಿ ಒಂಚೂರು ದಪ್ಪ ಮಾಡುತ್ತಿದ್ದ. ಇನ್ನೊಬ್ಬರನ್ನು ತೆಗೆದುಕೊಳ್ಳಿ ಅಂತ ನಾನು ಮೂರು ಸಲ ಬರೆದೆ, ಮೇಲಿನವರು ಓದಲಿಲ್ಲ. ನಾನೂ ಸುಮ್ಮನಾದೆ. ಸುಮ್ಮನಾಗಿದ್ದು ನನ್ನ ತಪ್ಪು.

ಆ ವರ್ಷ ನೀಮಾಳ ನಾಡಿನಲ್ಲಿ ದೊಡ್ಡ ಪ್ರವಾಹ ಬಂತು. ಜನ ಶಾಲೆಗಳಲ್ಲಿ, ಚರ್ಚುಗಳಲ್ಲಿ, ಮಸೀದಿಗಳಲ್ಲಿ ಆಶ್ರಯ ಪಡೆದರು. ಕುಡಿಯುವ ನೀರಿಗೆ ತತ್ವಾರ. ಅತ್ತೆಯ ದೇಶ ನೀರು ಶುದ್ಧ ಮಾಡುವ ಮಾತ್ರೆ ಕಳಿಸಿತು. ಎರಡೇ ದಿನಕ್ಕೆ ಸೊಸೆಯ ದೇಶವೂ ಕಳಿಸಿತು. ಹಿಂದೆಯೇ ಎರಡೂ ಕಡೆಯಿಂದ ಪ್ರಕಟಣೆ ಬಂತು, ಮಾತ್ರೆ ಹೇಗೆ ಬಳಸಬೇಕು ಅಂತ. ನೀಮಾ ಎರಡಕ್ಕೂ ದನಿ ಕೊಟ್ಟಳು. ಎರಡಕ್ಕೂ ಸಹಿ ಹಾಕಿದ್ದು ನಾನು. ಮೂರು ದಿನದ ಅಂತರದಲ್ಲಿ, ಎರಡು ಬೇರೆ ಬೇರೆ ಫೈಲಿನಲ್ಲಿ.

ಒಂದು ಬುಧವಾರ ಮಧ್ಯಾಹ್ನ ನಾವು ಪಕ್ಕದ ಮಮಾಕ್ ಅಂಗಡಿಯಿಂದ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಿಂದ, ಊಟ ತಪಾವ್ ಮಾಡಿಸಿ, ಪಾರ್ಸಲ್ ಕಟ್ಟಿಸಿಕೊಂಡು ಬಂದು ಪ್ಯಾಂಟ್ರಿಯಲ್ಲಿ ಪೊಟ್ಟಣ ಬಿಚ್ಚುತ್ತಿದ್ದೆವು. ನೀಮಾ ಫೋನು ಹಿಡಿದುಕೊಂಡು ಓಡಿ ಬಂದಳು. ವೀಡಿಯೊ ಕಾಲಿನಲ್ಲಿ ಅವಳ ಅಕ್ಕ ಝವಾದಿ. ಹಿಂದೆ ಶಾಲೆಯ ಜಗಲಿ, ಹಾಸಿದ ಚಾಪೆಗಳು, ಗೋಡೆಯ ಮೇಲೆ ಅತ್ತೆಯ ದೇಶ ಕೊಟ್ಟ ಟೀವಿ. ಝವಾದಿಯ ಮಡಿಲಲ್ಲಿ ಎರಡು ವರ್ಷದ ಮಗು. ಆಶಾ ಅಂತ ಹೆಸರು, ಅವರಲ್ಲೂ ಆ ಹೆಸರಿದೆ. ಎರಡು ದಿನದಿಂದ ಭೇದಿಯಂತೆ. ಕಣ್ಣು ಗುಳಿ ಬಿದ್ದಿತ್ತು.

"ಮಾಮಾ, ಇದನ್ನು ನೋಡಿ" ಅಂದಳು ನೀಮಾ. ಅವರ ಭಾಷೆಯಲ್ಲಿ ಮಾಮಾ ಅಂದರೆ ಅಮ್ಮ. ಝವಾದಿ ಕ್ಯಾಮೆರಾಕ್ಕೆ ಒಂದು ಮಾತ್ರೆಯ ಪಟ್ಟಿ ಹಿಡಿದಿದ್ದಳು. ಬೆಳ್ಳಿ ಬಣ್ಣದ್ದು. ಮೇಲೆ ಸೊಸೆಯ ದೇಶದ ಬಾವುಟ, ಕೆಳಗೆ ಆ ದೇಶದ ಭಾಷೆಯಲ್ಲೇ ಇರುವೆ ಸಾಲಿನಂಥ ಅಕ್ಷರ. ಮೊದಲು ಬಂದ, ಅತ್ತೆಯ ದೇಶದ ನೀಲಿ ಪಟ್ಟಿ ಮುಗಿದ ಮೇಲೆ ಶಿಬಿರಕ್ಕೆ ಬಂದದ್ದು ಇದು. ಪಕ್ಕದಲ್ಲಿ ಇಪ್ಪತ್ತು ಲೀಟರಿನ ಬಕೆಟ್. ಟೀವಿ ಹೇಳಿದ ಹಾಗೆ, ಒಂದು ಬಕೆಟ್ಟಿಗೆ ಒಂದು ಮಾತ್ರೆ.

ನಾನು ಊಟದ ಪೊಟ್ಟಣ ಬದಿಗೆ ಸರಿಸಿದೆ. ಬಕೆಟ್ಟಿಗೆ ಒಂದು ಅನ್ನುವುದು ನೀಲಿ ಪಟ್ಟಿಯ ಮಾತ್ರೆಯ ಲೆಕ್ಕ. ಬೆಳ್ಳಿಯದು ಒಂದು ಲೀಟರಿಗೆ ಒಂದು. ಸೊಸೆಯ ಪ್ರಕಟಣೆಯಲ್ಲಿ ಹಾಗೆಂದು ಓದಿ ಸಹಿ ಮಾಡಿದ್ದು ನನ್ನ ಕೈಯೇ. ಎರಡೂ ಮಾತ್ರೆ ಬಿಳೀದು, ಎರಡೂ ಗುಂಡನೆಯದು. ನಮ್ಮ ಪ್ರಕಟಣೆಗಳಲ್ಲೋ, ಪಟ್ಟಿಯ ಬಣ್ಣದ ಸುದ್ದಿಯೇ ಇಲ್ಲ. "ಮಿತ್ರ ರಾಷ್ಟ್ರವು ಪ್ರೀತಿಯಿಂದ ನೀಡಿದ ಮಾತ್ರೆ" ಅಂತ ಎರಡರಲ್ಲೂ ಇತ್ತು.

ಝವಾದಿ ಏನೋ ಹೇಳಿದಳು. ನೀಮಾ ನನ್ನ ಕಡೆ ತಿರುಗಿದಳು. ಏನಂದಳು ಅಂತ ಕೇಳಿದೆ. "ನಿನ್ನ ದನಿಯೇ ಹೇಳಿತಲ್ಲ, ಅದಕ್ಕೇ ಹಾಕಿದೆ ಅಂತಾಳೆ."

ಕೂಡಲೇ ಡಾಕ್ಟರ್ ಶೈಲಜಾಗೆ ಫೋನು ಮಾಡಿದೆ. ಉಡುಪಿಯವರು, ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ನಮ್ಮ ಅಪಾರ್ಟ್‌ಮೆಂಟಿನವರೇ. ಮಗುವಿಗೆ ಓಆರ್‌ಎಸ್ ಕುಡಿಸುತ್ತಲೇ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು ಅಂದರು. ಸೊಸೆಯ ಟೀವಿ ಇರುವ ಊರುಗಳಲ್ಲಿ ಉಲ್ಟಾ ಆಗಿರಬಹುದು, ಬಕೆಟ್ಟಿನ ಮಾತ್ರೆಯನ್ನು ಬಾಟಲಿಗೆ ಹಾಕಿರಬಹುದು, ಅದು ಹೆಚ್ಚು ಅಪಾಯವಾ ಅಂತ ಕೇಳಿದೆ.

"ಹೆಚ್ಚಾದ್ರೆ ನಾಲಗೆ ಹೇಳ್ತದೆ ಮಾರಾಯ್ರೆ, ಉಗುಳ್ತಾರೆ. ಕಮ್ಮಿಯಾದ್ರೆ ಹೇಳುವವರು ಯಾರು? ನೀರು ಚಂದ ಕಾಣ್ತದೆ, ಕುಡೀತಾರೆ. ಬೇಗ ಏನಾದ್ರೂ ಮಾಡಿ" ಅಂದರು.

ನೀಮಾ ಅಕ್ಕನಿಗೆ ಸರಿಯಾದ ಲೆಕ್ಕ ಹೇಳಿದಳು. ಝವಾದಿ ಪಕ್ಕದ ಚಾಪೆಯವರಿಗೆ ಹೇಳಲು ಹೋದರೆ ಅವರು ಟೀವಿ ಕಡೆ ಕೈ ತೋರಿಸಿದರಂತೆ. ಒಂದು ಬಕೆಟ್ಟಿಗೆ ಇಪ್ಪತ್ತು ಮಾತ್ರೆ ಹಾಕಿ ನಮ್ಮನ್ನು ಕೊಲ್ಲುತ್ತೀಯಾ ಅಂತ ಬೈದರಂತೆ. ಅವರದ್ದೇನು ತಪ್ಪು? ಟೀವಿ ದಿನಕ್ಕೆ ಹನ್ನೆರಡು ಸಲ ಹೇಳುತ್ತಿತ್ತು, ನಾವೇ ಹೇಳಿಸುತ್ತಿದ್ದೆವು. ಜಿಲ್ಲಾ ಆರೋಗ್ಯಾಧಿಕಾರಿಯ ನಂಬರು ಹುಡುಕಿ ನೀಮಾ ಮಾತಾಡಿದಳು. ಆ ಮನುಷ್ಯ ಹತ್ತೇ ನಿಮಿಷದಲ್ಲಿ ಎರಡೂ ಪಟ್ಟಿಯ ಫೋಟೊ, ಎರಡರ ಅಳತೆ, ಎಲ್ಲ ಕಳಿಸಿದ. ಕರಪತ್ರ ಅಚ್ಚಾಗಿದೆ, ರಸ್ತೆ ಕೊಚ್ಚಿಹೋಗಿ ತಲುಪಿಸಲು ಆಗುತ್ತಿಲ್ಲ, ದಯವಿಟ್ಟು ಟೀವಿಯಲ್ಲಿ ಹಾಕಿ ಅಂತ ಬರೆದಿದ್ದ.

ಪರದೆಯ ಮೇಲೆ ಒಂದಕ್ಷರ ಹಾಕಬೇಕಾದರೂ ಆಯಾ ಚಾನೆಲ್ಲಿನವರ ಒಪ್ಪಿಗೆ ಬೇಕು. ಇಬ್ಬರಿಗೂ ತುರ್ತು ಅಂತ ಮೇಲ್ ಹಾಕಿದೆ. ಅತ್ತೆಯ ಕಡೆಯಿಂದ ಬೇಗ ಉತ್ತರ ಬಂತು: ಅನ್ಯ ದೇಶದ ನೆರವಿನ ಬಗ್ಗೆ ಮಾಹಿತಿ ಕೊಡುವುದು ನಮ್ಮ ನೀತಿಯಲ್ಲಿಲ್ಲ. ಸೊಸೆಯ ಕಡೆಯಿಂದ: ನಮ್ಮ ಮಾತ್ರೆಯ ಅಳತೆ ನಮ್ಮ ಚಾನೆಲ್ಲಿನಲ್ಲಿ ಸರಿಯಾಗಿಯೇ ಬರುತ್ತಿದೆ, ಬೇರೆಯವರ ಮಾತ್ರೆಯ ವಿಷಯವನ್ನು ವಾರದ ಸಭೆಯಲ್ಲಿಡುತ್ತೇವೆ. ವಾರದ ಸಭೆ! ನನಗೆ ಮೈಯೆಲ್ಲ ಉರಿದುಹೋಯಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ನಡುವೆ ಆ ಮಗು.

ನಮ್ಮ ಜನರಲ್ ಮ್ಯಾನೇಜರ್ ಸೆಲ್ವಂ, ಕ್ಲಾಂಗಿನ ತಮಿಳರು, ಮಾತಿನ ಕೊನೆಗೆ ಇಲ್ಲಿಯವರ ಹಾಗೆ 'ಲಾ' ಸೇರಿಸುವವರು, ಕೆಟ್ಟವರಲ್ಲ. ಎರಡೂ ಕರಾರು ನವೀಕರಣಕ್ಕೆ ಬಂದಿದ್ದವು, ಹನ್ನೊಂದು ಜನರ ಕೆಲಸ ಅದರ ಮೇಲೆ ನಿಂತಿತ್ತು. ನನ್ನ ಮಾತೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು. "ಅಮ್ಮಾ, ನನ್ನನ್ನು ಕೇಳಬೇಡಿ ಲಾ. ಕೇಳಿದರೆ ಬೇಡ ಅನ್ನಬೇಕಾಗುತ್ತದೆ" ಅಂದರು. ಆಮೇಲೆ ಪುತ್ರಜಯಾದಲ್ಲಿ ಮೀಟಿಂಗ್ ಇದೆ ಅಂತ ಕಾರು ತೆಗೆದುಕೊಂಡು ಹೊರಟೇಬಿಟ್ಟರು. ಯಾವ ಮೀಟಿಂಗೂ ಇರಲಿಲ್ಲ ಅಂತ ನನಗೆ ಗೊತ್ತಿತ್ತು.

ಹಾಲಿಗೆ ಬಂದು ಕುರ್ಚಿಯಲ್ಲಿ ಧೊಪ್ಪನೆ ಕೂತೆ. ಬಸವರಾಜ ಹತ್ತಿರ ಬಂದು ನಿಂತ.

"ಮೇಡಂ, ಸರ್ವೀಸ್ ಮೆಸೇಜ್ ಐತಲ್ರೀ. ಅದಕ್ಕ ಯಾರ ಅಪ್ಪಣೀನೂ ಬ್ಯಾಡ."

ಹೌದಲ್ಲ! ಪರದೆಯ ಕೆಳಗೆ ಒಂದು ಹಳದಿ ಪಟ್ಟಿ ಬರುತ್ತದೆ. ಫ್ರೀಕ್ವೆನ್ಸಿ ಬದಲಾಗಿದೆ, ನಿಮ್ಮ ಪೆಟ್ಟಿಗೆಯನ್ನು ಮತ್ತೆ ಟ್ಯೂನ್ ಮಾಡಿಕೊಳ್ಳಿ ಅಂತ ಹೇಳುವುದಕ್ಕೆ ಇರುವಂಥದ್ದು. ಅದೊಂದನ್ನು ಮಾತ್ರ ಪ್ಲೇಔಟ್‌ನವರೇ, ಡ್ಯೂಟಿ ಮ್ಯಾನೇಜರ್ ಸಹಿಯ ಮೇಲೆ ಹಾಕಬಹುದು. ಜೊತೆಗೆ ದನಿಯೂ ಹೋಗುತ್ತದೆ. ಫಾರಂ ತೆಗೆದೆ. 'ಕಾರಣ' ಅನ್ನುವ ಕಡೆ ಏನು ಬರೆಯಲಿ ಅಂತ ಪೆನ್ನು ಹಿಡಿದು ಯೋಚಿಸಿದೆ. 'ವೀಕ್ಷಕರ ಉಪಕರಣ ಬಳಕೆಯ ಸೂಚನೆ' ಅಂತ ಬರೆದೆ.

"ಬಕೆಟ್ಟೂ ಒಂದು ಉಪಕರಣನ ಅಲ್ರೀ ಮೇಡಂ?" ಅಂದ ಬಸವರಾಜ. ಆ ಹೊತ್ತಿನಲ್ಲೂ ನಗು ಬಂತು.

ಸಂದೇಶವನ್ನು ನಾನು ಇಂಗ್ಲಿಷಿನಲ್ಲಿ ಬರೆದೆ, ನೀಮಾ ಸ್ವಾಹಿಲಿಗೆ ತಿರುಗಿಸಿದಳು. ಯಾವ ದೇಶದ ಹೆಸರೂ ಇಲ್ಲ. ನೀರಿನ ಮಾತ್ರೆಯ ಪಟ್ಟಿಯ ಬಣ್ಣ ನೋಡಿ. ನೀಲಿ ಪಟ್ಟಿಯಾದರೆ ಒಂದು ಮಾತ್ರೆ, ಒಂದು ಇಪ್ಪತ್ತು ಲೀಟರ್ ಬಕೆಟ್. ಬೆಳ್ಳಿ ಪಟ್ಟಿಯಾದರೆ ಒಂದು ಮಾತ್ರೆ, ಒಂದು ಲೀಟರ್ ಬಾಟಲಿ. ಆರೋಗ್ಯಾಧಿಕಾರಿಗೆ ಕಳಿಸಿ ಸರಿ ಅನ್ನಿಸಿಕೊಂಡೆ. ತಪ್ಪಿದ್ದ ಹಳೆಯ ಸಹಿಗಳನ್ನು ಅಳಿಸಲಂತೂ ಆಗುವುದಿಲ್ಲ, ಇದೊಂದಾದರೂ ನೆಟ್ಟಗಿರಲಿ ಅಂದುಕೊಂಡು ಸಹಿ ಹಾಕಿದೆ. 

ನೀಮಾ ಬೂತಿಗೆ ಹೋದಳು. ಸೊಸೆಗಾಗಿ ದನಿ ದಪ್ಪ ಮಾಡಲು ಬಸವರಾಜ ಮಷೀನಿಗೆ ಕೈ ಹಾಕಿದ. ಅವಳು ಬೂತಿನ ಗಾಜಿನಾಚೆಯಿಂದ ಬೇಡ ಅಂತ ತಲೆಯಾಡಿಸಿದಳು. ಅವನು ನನ್ನ ಮುಖ ನೋಡಿದ. ಬಿಡು ಅಂದೆ. ಸ್ವಾಹಿಲಿ ನನಗೆ ನಾಲ್ಕು ಮಾತು ಬಂದರೆ ಹೆಚ್ಚು. ಕೊನೆಯಲ್ಲಿ ಅವಳು ನಾನು ಬರೆದುಕೊಟ್ಟದ್ದಕ್ಕಿಂತ ಒಂದು ವಾಕ್ಯ ಹೆಚ್ಚಿಗೆ ಹೇಳಿದ ಹಾಗೆ ಅನ್ನಿಸಿತು, ಕೇಳಲಿಲ್ಲ. ಸಂಜೆ ನಾಲ್ಕಕ್ಕೆ, ಅಲ್ಲಿ ಬೆಳಗ್ಗೆ ಹನ್ನೊಂದಕ್ಕೆ, ಎರಡೂ ಚಾನೆಲ್ಲಿನಲ್ಲಿ ಹಳದಿ ಪಟ್ಟಿ ಏರಿತು. ಅರ್ಧ ಗಂಟೆಗೊಮ್ಮೆ, ಇಪ್ಪತ್ತನಾಲ್ಕು ಗಂಟೆ ಕಾಲ ಬಿಟ್ಟೆವು.

ಶುಕ್ರವಾರ ಎರಡೂ ಕಡೆಯಿಂದ ದೂರಿನ ಪತ್ರ ಬಂತು. ನಾನಲ್ಲಿ ಕಂಡಂತೆ ಅತ್ತೆ ಸೊಸೆ ಒಂದೇ ಮಾತಾಡಿದ್ದು ಅದೊಂದೇ ಸಲ. ಆದರೆ ನೋಡಿ, ನೀರಿನ ಬಗ್ಗೆ ಇಬ್ಬರದ್ದೂ ತಕರಾರಿಲ್ಲ. ಎರಡು ಚಾನೆಲ್ಲಿಗೂ ಒಂದೇ ದನಿ ಅಂತ ಜನರಿಗೆ ಗೊತ್ತಾಗಿಹೋಯಿತಲ್ಲ, ಸಂಕಟ ಅದಕ್ಕೆ. ಪತ್ರದ ಜೊತೆ ಅನುವಾದ ಲಗತ್ತಿಸಿದ್ದರು. ನೀಮಾ ಸೇರಿಸಿದ ವಾಕ್ಯ ಅದರಲ್ಲಿತ್ತು: "ಮೊದಲು ಎರಡು ಕಡೆ ಎರಡು ರೀತಿ ಹೇಳಿದವಳೂ ನಾನೇ. ಕ್ಷಮಿಸಿ, ಈಗ ಸರಿಯಾಗಿ ಕೇಳಿಸಿಕೊಳ್ಳಿ."

ಓದಿ ಕಣ್ಣು ಒದ್ದೆಯಾಯಿತು. ಸಹಿ ನಾನೂ ಹಾಕಿದ್ದೆ. ಕ್ಷಮೆ ಕೇಳುವುದು ನನಗೆ ಹೊಳೆದಿರಲಿಲ್ಲ.

ವಿಚಾರಣೆ ನಡೆಯಿತು. ಆ ವಾಕ್ಯ ನನಗೆ ಗೊತ್ತಿದ್ದೇ ಹೋಯಿತು ಅಂತ ಹೇಳಿದೆ, ನೀಮಾಳ ವೀಸಾ ಆ ಕೆಲಸದ ಮೇಲಿತ್ತು. ನನಗೆ ಎಚ್ಚರಿಕೆ ಪತ್ರ ಸಿಕ್ಕಿತು, ಸಹಿ ಹಾಕುವ ಅಧಿಕಾರ ಹೋಯಿತು, ಕೊನೆಯ ಎರಡು ವರ್ಷ ಟೇಪ್ ಲೈಬ್ರರಿ ನೋಡಿಕೊಂಡೆ. ಅತ್ತೆ ಕರಾರು ನವೀಕರಿಸಲಿಲ್ಲ. ಸೊಸೆ ಉಳಿದಳು, ಬೇರೆ ಸ್ವಾಹಿಲಿ ದನಿ ಬಂತು. ನೀಮಾಳ ಕೆಲಸ ಉಳಿಯಿತು, ಆದರೆ ಬೇರೆ ಇಬ್ಬರದು ಹೋಯಿತು, ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಸೆಲ್ವಂ ಅವರಿಬ್ಬರಿಗೂ ಬೇರೆ ಕಡೆ ಜಾಗ ಹುಡುಕಿಕೊಟ್ಟರು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದಿಷ್ಟೇ. ಎದುರು ಪಕ್ಷದ ಎರಡು ಕಾಗದಕ್ಕೂ ಸಹಿ ಹಾಕುವವರು ನೀವೇ ಆದರೆ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ಸಲ ಓದಿ. ನಡುವಿನ ಗಾಜು ಅವರಿಗೆ, ನಿಮಗಲ್ಲ. ನೋಡುವವರ ಮನೆಯಲ್ಲಂತೂ ಗಾಜೇ ಇಲ್ಲ, ಎಲ್ಲ ಒಂದೇ ಬಕೆಟ್ಟಿಗೆ ಬೀಳುತ್ತದೆ.

ಆಶಾ ಹುಷಾರಾದಳು. ಹತ್ತು ದಿನ ಕಳೆದ ಮೇಲೆ ಪ್ಯಾಂಟ್ರಿಯಲ್ಲಿ ಮತ್ತೆ ವೀಡಿಯೊ ಕಾಲ್ ಬಂತು, ಮಗು ಬಕೆಟ್ ಹಿಡಿದು ನಿಂತಿತ್ತು. ಹಳದಿ ಪಟ್ಟಿ ಬಂದ ದಿನದ ಕಥೆಯನ್ನು ಝವಾದಿ ಹೇಳಿದಳು, ನೀಮಾ ನನಗೆ ತಿಳಿಸಿದಳು. ಶಿಬಿರದಲ್ಲಿ ಒಬ್ಬ ಮುದುಕ ಕೇಳಿದನಂತೆ: ಹಿಟ್ಟಿನ ಚೀಲದ ಮೇಲೂ ಬಾವುಟ ಇದೆ, ಹೊದಿಕೆಯ ಮೇಲೂ ಇದೆ, ಈ ಹಳದಿ ಪಟ್ಟಿಯ ಮೇಲೆ ಯಾಕಿಲ್ಲ? ಈ ಮಾತನ್ನು ನಮಗೆ ಯಾವ ದೇಶ ಕೊಟ್ಟಿತು?

ಝವಾದಿ ಹೇಳಿದಳಂತೆ, "ದೇಶ ಅಲ್ಲ ಅಜ್ಜಾ. ನನ್ನ ತಂಗಿ."